ಸ್ಪ್ಯಾನಿಷಿನಲ್ಲಿ ಸೆಕೆಗೆ ಏನೆನ್ನುತ್ತಾರೆ?

ಹವೆ ಹೇಗಿದೆ ಎಂದು ಕೇಳಲು ‘ಕೆ ತ್ಯೆಂಪೊ ಆಸೆ?’ ಸಾಕು. ತ್ಯೆಂಪೊ ಎಂದರೆ ಹವೆಯೂ ಹೌದು, ಕಾಲವೂ ಹೌದು. ಗಂಟೆ ಕೇಳಲು ಮಾತ್ರ ಅದು ಬಾರದು, ಅದಕ್ಕೆ ‘ಕೆ ಓರಾ ಎಸ್?’. ಲ್ಯಾಟಿನ್ ಅಮೆರಿಕದ ಕಡೆಯವರು ‘ಕೋಮೊ ಎಸ್ತಾ ಎಲ್ ಕ್ಲೀಮಾ?’ ಎಂದೂ ಕೇಳುತ್ತಾರೆ.

ತೊಡಕಿರುವುದು ಉತ್ತರದಲ್ಲಿ. ಪದಗಳ ಪಟ್ಟಿ ಬಾಯಿಪಾಠ ಮಾಡುವುದನ್ನು ಬಿಟ್ಟು, ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹವೆ ಹೇಳುವ ಮೂರು ಕ್ರಿಯಾಪದಗಳಿಗೆ ಮೂರು ಕಲಂ ಎಳೆದುಕೊಂಡೆ: ‘ಆಸೆ’ (ಮಾಡುತ್ತದೆ), ‘ಎಸ್ತಾ’ (ಹೀಗಿದೆ), ‘ಆಯ್’ (ಉಂಟು). ಬಿಸಿಲು, ಚಳಿ, ಗಾಳಿ ‘ಆಸೆ’ ಕಲಮಿಗೆ: ಆಸೆ ಸೋಲ್, ಆಸೆ ಫ್ರೀಯೊ, ಆಸೆ ಬ್ಯೆಂತೊ. ಮೋಡ ಕವಿದಿದ್ದರೆ ಎಸ್ತಾ ನುಬ್ಲಾದೊ. ಮಂಜಿಗೆ ಆಯ್ ನ್ಯೆಬ್ಲಾ. ದಿನಾ ಬೆಳಿಗ್ಗೆ ಅಂಗಳಕ್ಕೆ ಇಳಿದು, ಕಂಡದ್ದನ್ನು ಸರಿಯಾದ ಕಲಮಿಗೆ ಸೇರಿಸಿ ಗಟ್ಟಿಯಾಗಿ ಹೇಳುವುದು. ಕಾಸರಗೋಡಿನಲ್ಲಿ ಮೂರನೆಯ ಕಲಂ ಹೆಚ್ಚುಕಡಿಮೆ ಖಾಲಿಯೇ ಉಳಿಯುತ್ತದೆ!

ನಮ್ಮ ಸೆಕೆಗೆ ‘ಆಸೆ ಕಲೋರ್’ ಎಂದರೆ ಸಾಲದು, ಅದು ಬರೀ ಬಿಸಿ. ಬೆವರು ಆರದ, ಗಾಳಿಯಿಲ್ಲದ ಮೇ ತಿಂಗಳಿಗೆ ‘ಆಸೆ ಬೊಚೋರ್ನೊ’ ಎನ್ನಬೇಕು.

ಕನ್ನಡದ ‘ತುಂಬ’ ಇಲ್ಲಿ ಕೈಕೊಡುತ್ತದೆ. ತುಂಬ ಸೆಕೆ, ತುಂಬ ಮೋಡ ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ಅವರಲ್ಲಿ ಕಲೋರ್ ನಾಮಪದ, ಹಾಗಾಗಿ ‘ಮೂಚೊ ಕಲೋರ್’. ನುಬ್ಲಾದೊ ವಿಶೇಷಣ, ಅದಕ್ಕೆ ‘ಮುಯ್ ನುಬ್ಲಾದೊ’. ‘ಮುಯ್ ಕಲೋರ್’ ತಪ್ಪು.

ಇನ್ನೊಂದು ಎಡವಟ್ಟು ‘ನನಗೆ ಸೆಕೆ ಆಗ್ತದೆ’ ಎನ್ನುವಲ್ಲಿ. ಸ್ಪ್ಯಾನಿಷಿನವರಿಗೆ ಸೆಕೆ ‘ಆಗುವುದಿಲ್ಲ’, ಅವರ ಬಳಿ ‘ಇರುತ್ತದೆ’: ತೆಂಗೊ ಕಲೋರ್. ತೆಂಗಿನ ಊರಿನವರಿಗೆ ಇದನ್ನು ನೆನಪಿಡುವುದು ಕಷ್ಟವಲ್ಲ. ‘ಎಸ್ತೊಯ್ ಕಲ್ಯೆಂತೆ’ ಎಂದೀರಿ ಜೋಕೆ. ಕೇಳುವವರಿಗೆ ಅದು ಕಾಮದ ಮಾತಾಗುತ್ತದೆ.

ಮಳೆ ಮೂರು ಕಲಮಿನ ಹೊರಗಿನದು, ಕ್ರಿಯಾಪದವೊಂದೇ ಸಾಕು. ಮೂಲರೂಪ ಯೊಬೇರ್, ವರ್ತಮಾನದಲ್ಲಿ ನಡುವಿನ ಒ ಮುರಿದು ‘ಯುಎಬೆ’ ಆಗುತ್ತದೆ. ಸುರಿಯುತ್ತಿರುವಾಗ ‘ಎಸ್ತಾ ಯೊಬ್ಯೆಂದೊ’. ಇಲ್ಲಿ ಮತ್ತೆ ‘ಮಳೆ’ ಎಂಬ ಪದ ಬೇಕಿಲ್ಲ. ಧೋ ಎಂದು ಹೊಯ್ದರೆ ‘ಯುಎಬೆ ಆ ಕಾಂತಾರೊಸ್’, ಕೊಡಗಟ್ಟಲೆ ಸುರಿಯುತ್ತಿದೆ ಎಂದಂತೆ. ಬ್ವೇನೊಸ್ ಐರೆಸ್‌ನವರ ಬಾಯಲ್ಲಿ ಈ ಯಕಾರ ಶಕಾರವಾಗಿ ‘ಶುಎಬೆ’ ಎಂದು ಕೇಳಿಸುತ್ತದೆ. ‘ನಾಳೆ ಮಳೆ ಬರ್ತದೆ’ ಎನ್ನಲು ‘ಮಞಾನಾ ಬಾ ಆ ಯೊಬೇರ್’. ಮಲಯಾಳದ ‘ಞಾನ್’ ಕೇಳಿ ಬೆಳೆದವರಿಗೆ ಆ ಞ ಕಲಿಸಬೇಕಾಗಿಲ್ಲ.

ಋತುವಿನ ಹೆಸರು ಹೇಳುವಾಗ ಎದುರಿಗಿರುವವರು ಯಾವ ದೇಶದವರೆಂದು ನೋಡಿಕೊಳ್ಳಿ. ಇನ್‌ಬ್ಯೆರ್ನೊ ಎಂದರೆ ಸ್ಪೇನಿನಲ್ಲಿ ಡಿಸೆಂಬರಿನ ಚಳಿಗಾಲ, ಅರ್ಜೆಂಟೀನಾದಲ್ಲಿ ಜೂನ್–ಜುಲೈ ಚಳಿ. ಮಧ್ಯ ಅಮೆರಿಕದಲ್ಲಿ, ಕೊಲಂಬಿಯಾದಲ್ಲಿ ಜನರ ಮಾತಿನಲ್ಲಿ ಅದು ಮಳೆಗಾಲ. ಹಾಗಾಗಿ ನಮ್ಮ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯನ್ನು ಕೊಲಂಬಿಯಾದವರಿಗೆ ಇನ್‌ಬ್ಯೆರ್ನೊ ಎಂದು ಹೇಳಬಹುದು, ಸ್ಪೇನಿನವರಿಗೆ ‘ತೆಂಪೊರಾದಾ ದೆ ಯೂಬ್ಯಾಸ್’ ಎಂದೇ ಹೇಳಬೇಕು.