ಅತ್ತದ್ದು ಸಾರಂಗಿ, ನನ್ನ ಪುಟ ಅಲ್ಲ

ನನ್ನ ಎರಡನೇ ಕಾದಂಬರಿಯ ಅಣ್ಣತಮ್ಮಂದಿರಲ್ಲಿ ತಮ್ಮ ಸಾಯುವ ಅಧ್ಯಾಯವನ್ನು ಒಂದೇ ರಾತ್ರಿ ಬರೆದು ಮುಗಿಸಿದೆ. ಕಿವಿಗೆ ಹೆಡ್‌ಫೋನ್, ಅದರಲ್ಲಿ ಸಾರಂಗಿ. ಬರೆಯುತ್ತಾ ಬರೆಯುತ್ತಾ ಕಣ್ಣು ತುಂಬಿ ಬಂತು. ಇನ್ನು ಈ ಅಧ್ಯಾಯ ಮುಟ್ಟುವ ಹಾಗಿಲ್ಲ ಅಂದುಕೊಂಡು ಖುಷಿಯಾಗಿ ಮಲಗಿದೆ.

ಬೆಳಿಗ್ಗೆ ಹೆಡ್‌ಫೋನ್ ಇಲ್ಲದೆ ಓದಿದರೆ ಪುಟ ಒಣಗಿಕೊಂಡು ಬಿದ್ದಿತ್ತು. ‘ಅವನ ಎದೆ ಒಡೆದುಹೋಯಿತು’ ಎಂಬಂಥ ಸಾಲುಗಳೇ ಜಾಸ್ತಿ. ರಾತ್ರಿ ಅತ್ತದ್ದು ಸಾರಂಗಿ. ಆ ಅಳುವನ್ನು ನಾನು ನನ್ನ ಲೆಕ್ಕಕ್ಕೆ ಹಾಕಿಕೊಂಡಿದ್ದೆ, ಅಷ್ಟೆ.

ಮಾತಿರುವ ಹಾಡಿನ ಸಹವಾಸ ಅದಕ್ಕೂ ಮೊದಲೇ ಬಿಟ್ಟಿದ್ದೆ. ಬರೆಯುವಾಗ ಪ್ರತಿ ಸಾಲನ್ನೂ ಮನಸ್ಸಿನಲ್ಲಿ ಒಮ್ಮೆ ಉಚ್ಚರಿಸಿ ನೋಡುತ್ತೇವೆ, ಅಲ್ವಾ? ಹಾಡಿನ ಮಾತೂ ಅದೇ ಜಾಗಕ್ಕೆ ನುಗ್ಗುತ್ತದೆ. ಸಲಾಮೆ ಮತ್ತು ಅಲನ್ ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರು 1989ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಂಕಿಗಳನ್ನು ನೆನಪಿಟ್ಟುಕೊಳ್ಳುವವರಿಗೆ ಬರೀ ವಾದ್ಯಕ್ಕಿಂತ ಹಾಡೇ ಹೆಚ್ಚು ಅಡ್ಡಿ ಮಾಡಿತ್ತು. ನನಗಂತೂ ಪ್ರಯೋಗ ಬೇಕಿರಲಿಲ್ಲ. ಪೊಲೀಸ್ ಪಾತ್ರವೊಂದು ಇದ್ದಕ್ಕಿದ್ದಂತೆ ‘ಬೆಳದಿಂಗಳು’ ಅಂದಿದ್ದೇ ಸಾಕಾಯಿತು.

ಈಗ ಸಂಗೀತ ಕೇಳುವುದು ಬರೆಯಲು ಕೂರುವ ಮೊದಲು. ಒಂದು ವಿಲಂಬಿತ್ ಖಯಾಲ್, ಅಂದರೆ ನಿಧಾನಗತಿಯ ಹಿಂದೂಸ್ತಾನಿ ಗಾಯನ, ಹಾಕಿ ಸುಮ್ನೆ ಕೂರುತ್ತೇನೆ. ತಾಳ ಹನ್ನೆರಡು ಮಾತ್ರೆಯ, ಅಂದರೆ ಹನ್ನೆರಡು ಎಣಿಕೆಯ, ಏಕತಾಲ. ತೀರಾ ನಿಧಾನದಲ್ಲಿ ಒಂದು ಸುತ್ತು ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ ಬೇಕು. ಅಷ್ಟು ಹೊತ್ತು ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ, ಮತ್ತೆ ಬರುವುದನ್ನು ಕಾದರೆ ಕೈಯ ಅವಸರ ತಾನಾಗಿ ಇಳಿಯುತ್ತದೆ. ಆಮೇಲೆ ಬಂದ್ ಮಾಡಿ ಬರೆಯುತ್ತೇನೆ. ತಿದ್ದುವುದಂತೂ ಪೂರ್ತಿ ಮೌನದಲ್ಲೇ.

ನಿಜವಾಗಿ ಆ ಕಾದಂಬರಿಯನ್ನು ಕಾಪಾಡಿದ್ದು ಮಾರ್ವಾ ರಾಗ. ಅದರಲ್ಲಿ ಪಂಚಮ, ಅಂದರೆ ‘ಪ’ ಸ್ವರ, ಇಲ್ಲವೇ ಇಲ್ಲ. ಅದಕ್ಕೇ ತಂಬೂರಿಯ ಮೊದಲ ತಂತಿಯನ್ನು ಪಂಚಮದ ಬದಲು ನಿಷಾದಕ್ಕೋ ಧೈವತಕ್ಕೋ ಶ್ರುತಿ ಮಾಡುತ್ತಾರೆ. ಆಧಾರ ಸ್ವರವಾದ ಷಡ್ಜ (‘ಸ’) ಇದ್ದರೂ ಹಾಡುವವರು ಅಲ್ಲಿ ಬೇಗ ನಿಲ್ಲುವುದಿಲ್ಲ. ಕೋಮಲ ರಿಷಭದಲ್ಲಿ, ಧೈವತದಲ್ಲಿ ತಂಗುತ್ತಾ ಷಡ್ಜದ ಸುತ್ತಲೇ ಸುಳಿಯುತ್ತಾರೆ. ಮನೆ ಎದುರಿಗೇ ಇದೆ, ಒಳಗೆ ಮಾತ್ರ ಹೋಗುತ್ತಿಲ್ಲ. ಕೊನೆಗೆ ಷಡ್ಜಕ್ಕೆ ಬಂದು ನಿಂತಾಗ ಎಷ್ಟು ಹೊತ್ತಿನಿಂದ ಉಸಿರು ಬಿಗಿಹಿಡಿದಿದ್ದೆ ಅಂತ ಗೊತ್ತಾಗುತ್ತದೆ.

ನನ್ನ ಕಥೆಯ ಅಣ್ಣ ಮಾತ್ರ ಮೂರನೇ ಅಧ್ಯಾಯದಲ್ಲೇ ತಮ್ಮನ ಹೆಸರು ಹೇಳಿ ಗೋಳೋ ಅಂತ ಅತ್ತುಬಿಟ್ಟಿದ್ದ. ಆಮೇಲೆ ಇನ್ನೂರು ಪುಟ ಅವನಿಗೆ ಮಾಡಲು ಕೆಲಸವೇ ಇರಲಿಲ್ಲ.

ಇಡೀ ಹಸ್ತಪ್ರತಿಯಲ್ಲಿ ಅವನ ಬಾಯಿಂದ ಆ ಹೆಸರು ತೆಗೆದೆ. ಒಟ್ಟು ನಲವತ್ತೊಂದು ಕಡೆ ಇತ್ತು! ಹಾಗೆ ತೆಗೆದ ಮೇಲೆ ಅವನು ಹೆಸರಿನ ಸುತ್ತಮುತ್ತಲ ಮಾತು ಆಡತೊಡಗಿದ. ಸೈಕಲ್ಲಿನ ಮಾತು, ತುಂಡಾದ ಕೊಡೆಯ ಮಾತು. ‘ಎದೆ ಒಡೆದುಹೋಯಿತು’ ಇದ್ದ ಜಾಗಕ್ಕೆ ಈಗ ಇದು ಬಂತು: ‘ಬಾಗಿಲ ಬಳಿ ಎರಡು ಜೊತೆ ಚಪ್ಪಲಿ ಇದ್ದವು. ಅವನು ಕತ್ತಲಲ್ಲಿ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡ. ಬಿಗಿಯಾಗಿತ್ತು. ಬಿಚ್ಚಲಿಲ್ಲ.’

ಹೆಸರು ಬರುವುದು 19ನೇ ಅಧ್ಯಾಯದಲ್ಲಿ, ಒಂದೇ ಸಲ. ಅದನ್ನು ಬರೆದ ದಿನ ಫ್ಯಾನ್ ಕೂಡ ಆರಿಸಿದ್ದೆ.