ಅಷ್ಟೇ ನೀರು, ಮೊಣಕಾಲಷ್ಟು ಮೇಲೆ: ನೆರೆ ಲೆಕ್ಕದಲ್ಲಿ ನನ್ನ ಅನುಭವ

ನಾನು ಹಾಕಿದ ಮೊದಲ ದೊಡ್ಡ ನೆರೆ ಲೆಕ್ಕ ತಪ್ಪಾಗಿತ್ತು. ಗಣಿತದಲ್ಲಿ ತಪ್ಪಿರಲಿಲ್ಲ, ಇಬ್ಬರು ಹಿರಿಯರು ಸಾಲು ಸಾಲು ನೋಡಿ ಸಹಿ ಹಾಕಿದ್ದರು. ಆದರೂ ತಪ್ಪು. ಅದು ನನಗೆ ಗೊತ್ತಾಗಿದ್ದು ಆ ಲೆಕ್ಕ ನಂಬಿ ನದಿ ದಂಡೆಗೆ ಒಡ್ಡು ಕಟ್ಟಿದ ಮೇಲಿನ ನಾಲ್ಕನೇ ಮಳೆಗಾಲದಲ್ಲಿ, ರಾತ್ರಿ ಎರಡೂವರೆಗೆ, ಟಾರ್ಚ್ ಹಿಡಿದು ಅದರ ಮೇಲೆ ನಿಂತಿದ್ದಾಗ. ನೀರು ಒಡ್ಡಿನ ತಲೆಯಿಂದ ಒಂದು ಗೇಣು ಕೆಳಗಿತ್ತು.

ಅದು 100 ವರ್ಷದ ನೆರೆಗೆ ಅಂತ ಕಟ್ಟಿದ ಒಡ್ಡು. ಆ ಸಲ ಅದೃಷ್ಟಕ್ಕೆ ನಮ್ಮ ಹುಡುಗರು ಸೇತುವೆಯ ಮೇಲಿಂದ ಉಪಕರಣ ಇಳಿಸಿ ಹರಿವನ್ನು, ಅಂದರೆ ಸೆಕೆಂಡಿಗೆ ಎಷ್ಟು ನೀರು ಹಾದುಹೋಗುತ್ತಿದೆ ಅನ್ನುವುದನ್ನು, ನೇರವಾಗಿ ಅಳೆದಿದ್ದರು. ಆ ಅಂಕಿಯನ್ನು ನನ್ನದೇ ಕೋಷ್ಟಕದಲ್ಲಿ ಇಟ್ಟು ನೋಡಿದೆ. ಸುಮಾರು 20 ವರ್ಷಕ್ಕೊಮ್ಮೆ ಬರುವಂಥ ನೆರೆ, ಅಷ್ಟೇ. ಹಾಗಾದರೆ ನೀರು ಅಷ್ಟು ಮೇಲೆ ಬಂದದ್ದು ಹೇಗೆ?

ಈ ಪ್ರಶ್ನೆ ಹಿಡಿದು ಸುಮಾರು ಎರಡು ವರ್ಷ ಓಡಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಇದೇ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಉಪಯೋಗ ಆಗಬಹುದು.

ಮೊದಲು ನಾನು ಮಾಡಿದ್ದೇನು ಅಂತ ಹೇಳಬೇಕು. 41 ವರ್ಷದ ದಾಖಲೆ ಇತ್ತು. ಪ್ರತಿ ವರ್ಷದ ಅತಿ ದೊಡ್ಡ ಹರಿವನ್ನು ಆರಿಸಿಕೊಂಡು ಗಂಬೆಲ್ ವಿಧಾನದಲ್ಲಿ (ಅಪರೂಪದ ದೊಡ್ಡ ಅಂಕಿಗಳನ್ನು ಅಂದಾಜು ಮಾಡುವ ಸಂಖ್ಯಾಶಾಸ್ತ್ರದ ವಿಧಾನ) ಗೆರೆ ಎಳೆದು, ಆ ಗೆರೆಯನ್ನು ಮುಂದಕ್ಕೆ ಚಾಚಿ 100 ವರ್ಷದ ನೆರೆ ಎಷ್ಟು ಅಂತ ಓದಿಕೊಂಡೆ. ಕಾಲೇಜಿನಲ್ಲಿ ಕಲಿಸಿದ್ದೇ ಇದು. 100 ವರ್ಷದ ನೆರೆ ಅಂದರೆ ನೂರು ವರ್ಷಕ್ಕೆ ಒಂದೇ ಸಲ ಬರುವುದು ಅಂತ ಅಲ್ಲ, ಯಾವುದೇ ಒಂದು ವರ್ಷದಲ್ಲಿ ಅಷ್ಟು ಅಥವಾ ಅದಕ್ಕೂ ದೊಡ್ಡದು ಬರುವ ಸಾಧ್ಯತೆ ನೂರಕ್ಕೆ ಒಂದು. ಒಬ್ಬ ಮನುಷ್ಯ ಒಂದೇ ಮನೆಯಲ್ಲಿ 30 ವರ್ಷ ಇದ್ದರೆ ಅದನ್ನು ನೋಡುವ ಸಾಧ್ಯತೆ ಶೇ 26. ಕಡಿಮೆ ಏನಲ್ಲ. ಇನ್ನು ಅದೇ ನೆರೆ 50 ವರ್ಷದ ನೆರೆ ಆಗಿಬಿಟ್ಟರೆ ಸಾಧ್ಯತೆ ಶೇ 45 ದಾಟುತ್ತದೆ.

ಈ ವಿಧಾನದ ಕೆಳಗೆ ಒಂದು ನಂಬಿಕೆ ಸುಮ್ನೆ ಕೂತಿದೆ. 41 ವರ್ಷದ ಹಿಂದಿನ ನದಿ, ಅವತ್ತಿನ ಮಳೆ, ಅವತ್ತಿನ ಗುಡ್ಡ ಎಲ್ಲ ಇವತ್ತಿಗೂ ಹಾಗೇ ಇವೆ ಅನ್ನುವ ನಂಬಿಕೆ ಅದು. 2008ರಲ್ಲಿ ಕೆಲವು ವಿಜ್ಞಾನಿಗಳು ಸೈನ್ಸ್ ಪತ್ರಿಕೆಯಲ್ಲಿ ಈ ನಂಬಿಕೆ ಸತ್ತುಹೋಗಿದೆ ಅಂತ ನೇರವಾಗಿಯೇ ಬರೆದರು. ನಾನು ಅದನ್ನು ಓದಿದ್ದೆ, ತಲೆಯಾಡಿಸಿದ್ದೆ. ಆಮೇಲೆ ಹೋಗಿ ಅದೇ ಗೆರೆ ಎಳೆದೆ.

ಇಷ್ಟು ಹೇಳಿದರೆ ನೀವು "ಓ, ಹವಾಮಾನ ಬದಲಾವಣೆ" ಅನ್ನುತ್ತೀರಿ. ನಮ್ಮ ಕಚೇರಿಯಲ್ಲೂ ಮೊದಲ ವಾರ ಎಲ್ಲರೂ ಅದನ್ನೇ ಹೇಳಿದ್ದು. ಆದರೆ ಗಮನಿಸಿ, ಹರಿವು ಜಾಸ್ತಿ ಆಗಿರಲಿಲ್ಲ. ಮಟ್ಟ ಮಾತ್ರ ಜಾಸ್ತಿ ಆಗಿತ್ತು. ಅವತ್ತು ಹರಿವನ್ನು ಅಳೆಯದೆ ಹೋಗಿದ್ದರೆ ನಾವು ಎಂದಿನಂತೆ ರೇಟಿಂಗ್ ಕರ್ವ್ ನೋಡುತ್ತಿದ್ದೆವು. ಅಂದರೆ ನೀರಿನ ಮಟ್ಟ ಇಷ್ಟಿದ್ದರೆ ಹರಿವು ಇಷ್ಟು ಅಂತ ಹೇಳುವ ಪಟ್ಟಿ. ಆ ಹಳೇ ಪಟ್ಟಿ ಅದನ್ನು ದಾಖಲೆಯ ನೆರೆ ಅಂದುಬಿಡುತ್ತಿತ್ತು. ನಾವು ಆಕಾಶದ ಮೇಲೆ ಹಾಕಿ ಫೈಲ್ ಮುಚ್ಚುತ್ತಿದ್ದೆವು.

ಹಾಗಾಗಿ ಹಳೇ ಅಳತೆ ಪುಸ್ತಕಗಳನ್ನು ತೆಗೆಸಿದೆ. ಒದ್ದೆಯಾಗಿ ಅಂಟಿಕೊಂಡ ಹಾಳೆಗಳು. ನಾನು ಮಾಡಿದ ಕೆಲಸ ತುಂಬಾ ಸರಳ, ಯಾರು ಬೇಕಾದರೂ ಮಾಡಬಹುದು. ಒಂದು ಹರಿವನ್ನು ಆರಿಸಿಕೊಂಡೆ, ಸೆಕೆಂಡಿಗೆ 800 ಘನ ಮೀಟರ್. ನೇರವಾಗಿ ಅಳೆದ ದಾಖಲೆಗಳಲ್ಲಿ ಅದರ ಆಸುಪಾಸಿನ ಹರಿವು ಇದ್ದ ದಿನಗಳನ್ನೆಲ್ಲ ಹುಡುಕಿ, ಆ ದಿನ ಗೇಜ್ ಮೇಲೆ, ಅಂದರೆ ನದಿಯಲ್ಲಿ ನೆಟ್ಟ ಮಟ್ಟ ಅಳೆಯುವ ಪಟ್ಟಿಯ ಮೇಲೆ, ನೀರು ಎಷ್ಟಿತ್ತು ಅಂತ ವರ್ಷದ ಎದುರು ಚುಕ್ಕಿ ಇಡುತ್ತಾ ಹೋದೆ. ನದಿ ಬದಲಾಗದಿದ್ದರೆ ಚುಕ್ಕಿಗಳು ಅಡ್ಡಲಾಗಿ ಒಂದೇ ಸಾಲಿನಲ್ಲಿ ಬರಬೇಕು ಅಲ್ವಾ? ಬರಲಿಲ್ಲ. ಮೊದಲ 15 ವರ್ಷ ಸಮ. ಆಮೇಲೆ ನಿಧಾನಕ್ಕೆ ಮೇಲೇರುತ್ತಾ ಬಂದು, ಕೊನೆಯ ಹತ್ತು ವರ್ಷದಲ್ಲಿ ಅದೇ 800ಕ್ಕೆ ನೀರು ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಮೇಲಿತ್ತು.

ನಡುವೆ ಒಂದು ಕಡೆ ಚುಕ್ಕಿಗಳು ಏಕಾಏಕಿ ಹಾರಿದ್ದವು. ಅದರಿಂದ ಎರಡು ವಾರ ದಾರಿ ತಪ್ಪಿದೆ. ಏನೋ ದೊಡ್ಡದು ಸಿಕ್ಕಿತು ಅಂದುಕೊಂಡರೆ, ಹೊಸ ಸೇತುವೆ ಕಟ್ಟಿದಾಗ ಗೇಜನ್ನು ಕಿತ್ತು ಸ್ವಲ್ಪ ಕೆಳಗೆ ನೆಟ್ಟಿದ್ದರು, ಸೊನ್ನೆಯ ಗುರುತು ಬೇರೆ ಆಗಿತ್ತು. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಯಾರೋ ಒಂದು ಸಾಲು ಬರೆದಿಟ್ಟಿದ್ದರು. ಆ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದವರು ಅಂಚಿನ ಆ ಸಾಲನ್ನು ಹಾಕಿರಲಿಲ್ಲ. ಅವತ್ತಿನಿಂದ ಕಂಪ್ಯೂಟರಿನ ದಾಖಲೆ ಕೊಟ್ಟರೆ ಮೂಲ ಪುಸ್ತಕ ಕೊಡಿ ಅಂತ ಕೇಳುವುದು ನನಗೆ ಚಟ ಆಗಿದೆ.

ಆ ಹಾರಿಕೆಯನ್ನು ಸರಿಪಡಿಸಿದ ಮೇಲೂ ಏರಿಕೆ ಉಳಿಯಿತು. ಕಾರಣ ನೋಡಲು ನದಿಗೆ ಇಳಿಯಬೇಕಿತ್ತು. ಕ್ರಾಸ್ ಸೆಕ್ಷನ್, ಅಂದರೆ ನದಿಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಆಕಾರ, ಅದನ್ನು ಮತ್ತೆ ಅಳೆಸಿದೆ. ಮೊದಲ ಸಲ ನಾನು ಬಳಸಿದ್ದು ಸುಮಾರು 20 ವರ್ಷ ಹಳೆಯ ಅಳತೆ. ಹೊಸದಕ್ಕೆ ಹಣ ಇಲ್ಲ ಅಂದಿದ್ದರು, ನಾನೂ ಜಾಸ್ತಿ ಜಗಳ ಆಡಲಿಲ್ಲ. ಇದು ನನ್ನ ತಪ್ಪೇ. ತಳದಲ್ಲಿ ಹೂಳು ಕೂತಿತ್ತು. ಮೇಲಿನ ಗುಡ್ಡಗಳಲ್ಲಿ ಕಾಡು ಕಡಿದು ರಸ್ತೆಗೆ ಕೊರೆದ ಮಣ್ಣು ಪ್ರತಿ ಮಳೆಗೂ ಇಳಿದು ಬರುತ್ತಿತ್ತು. ದಂಡೆಯ ಮೇಲೆ ಗಿಡಗಂಟಿ ದಟ್ಟವಾಗಿ ಬೆಳೆದು ನೀರನ್ನು ತಡೆಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಎದುರು ದಂಡೆಯಲ್ಲಿ ತಗ್ಗಿನ ಬಯಲನ್ನು ಮಣ್ಣು ತುಂಬಿ ಎತ್ತರಿಸಿ ರಸ್ತೆ ಮಾಡಿದ್ದರು. ಮೊದಲೆಲ್ಲ ನೆರೆ ಬಂದಾಗ ನೀರು ಅಲ್ಲಿ ಹರಡಿಕೊಳ್ಳುತ್ತಿತ್ತು. ಈಗ ಆ ಕಡೆ ರಸ್ತೆ, ಈ ಕಡೆ ನನ್ನ ಒಡ್ಡು. ಪಕ್ಕಕ್ಕೆ ಹೋಗಲು ಬಿಡದಿದ್ದರೆ ನೀರು ಮೇಲಕ್ಕೆ ತಾನೇ ಹೋಗಬೇಕು.

ಇದರ ದೊಡ್ಡ ಉದಾಹರಣೆ ಕೋಸಿ ನದಿ. ಹಿಮಾಲಯದಿಂದ ರಾಶಿ ಹೂಳು ತರುವ ನದಿಗೆ ಎರಡೂ ಕಡೆ ಒಡ್ಡು ಕಟ್ಟಿದರು. ಹೂಳು ಬಯಲಿಗೆ ಹರಡುವುದು ಬಿಟ್ಟು ಒಡ್ಡುಗಳ ನಡುವೆಯೇ ಕೂತು ತಳ ಮೇಲೇರಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಹತ್ತಿರ ಒಡ್ಡು ಒಡೆದಾಗ ನದಿಯಲ್ಲಿದ್ದದ್ದು ಸುಮಾರು ಒಂದೂವರೆ ಲಕ್ಷ ಕ್ಯೂಸೆಕ್. ವಿನ್ಯಾಸ ಮಾಡಿದ್ದು ಒಂಬತ್ತೂವರೆ ಲಕ್ಷ ಕ್ಯೂಸೆಕ್‌ಗೆ! ದೊಡ್ಡ ನೆರೆ ಬಂದು ಒಡೆದದ್ದೇ ಅಲ್ಲ. ನದಿ ಹಳೇ ದಾರಿ ಹಿಡಿದು ಬಿಹಾರದಲ್ಲಿ ಲಕ್ಷಾಂತರ ಜನರ ಮನೆಗೆ ನುಗ್ಗಿತು.

ಇಷ್ಟಾದ ಮೇಲೆ ಹವಾಮಾನದ ಮಾತು ಸುಳ್ಳು ಅಂತ ತಿಳಿಯಬೇಡಿ. ಹಾಗೆ ಹೇಳಿದವರ ಜೊತೆ ನಾನು ಜಗಳ ಆಡಿದ್ದೇನೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬೆಚ್ಚಗಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಒಂದೆರಡು ಗಂಟೆಯಲ್ಲಿ ಸುರಿದು ಹೋಗುವ ಮಳೆ ಜೋರಾಗುತ್ತದೆ. ಚಿಕ್ಕ ಹಳ್ಳಕ್ಕೆ, ಕಾಂಕ್ರೀಟ್ ಹಾಸಿದ ಊರಿಗೆ ಇದು ನೇರ ಹೊಡೆತ. ದೊಡ್ಡ ನದಿಯ ಕಥೆ ಅಷ್ಟು ಸುಲಭ ಇಲ್ಲ. ಅಲ್ಲಿ ಮಳೆಯ ಜೊತೆಗೆ ನೆಲ ಎಷ್ಟು ನೆನೆದಿದೆ ಅನ್ನುವುದೂ ಮುಖ್ಯ. ಬಿಸಿಗೆ ನೆಲ ಒಣಗಿದ್ದರೆ ಜೋರು ಮಳೆಯನ್ನೂ ಒಂದಷ್ಟು ಕುಡಿದುಬಿಡುತ್ತದೆ. ಯುರೋಪಿನ ಸಾವಿರಾರು ಮಾಪನ ಕೇಂದ್ರಗಳ 1960ರಿಂದ 2010ರವರೆಗಿನ ದಾಖಲೆ ನೋಡಿದ ಒಂದು ಅಧ್ಯಯನ 2019ರಲ್ಲಿ ಬಂತು. ವಾಯವ್ಯ ಯುರೋಪಿನಲ್ಲಿ ನೆರೆ ಹೆಚ್ಚಿದೆ, ಕೆಲವು ಕಡೆ ದಶಕಕ್ಕೆ ಶೇ 11ರವರೆಗೆ. ಪೂರ್ವದಲ್ಲಿ ಕಡಿಮೆಯಾಗಿದೆ, ಕೆಲವು ಕಡೆ ದಶಕಕ್ಕೆ ಶೇ 23ರವರೆಗೆ, ಯಾಕೆಂದರೆ ಅಲ್ಲಿ ಬಿಸಿಗೆ ಹಿಮ ಕಡಿಮೆ, ಕರಗಿ ಬರುವ ನೀರೂ ಕಡಿಮೆ. ಒಂದೇ ಖಂಡ, ಒಂದೇ ಬಿಸಿ, ಉಲ್ಟಾ ಫಲಿತಾಂಶ. ಹಾಗಿರುವಾಗ ಎಲ್ಲ ನದಿಗೂ ಒಂದೇ ಶೇಕಡಾವಾರು ಸೇರಿಸಿ ಲೆಕ್ಕ ಮುಗಿಸುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ.

ನನ್ನ ನದಿಯಲ್ಲಿ ಆಕಾಶದ ಪಾಲು ಎಷ್ಟು? ಮಳೆ ದಾಖಲೆ ನೋಡಿದಾಗ ವರ್ಷದ ಒಟ್ಟು ಮಳೆ ಹೆಚ್ಚು ಕಡಿಮೆ ಅಷ್ಟೇ, ಆದರೆ ಕಡಿಮೆ ದಿನಗಳಲ್ಲಿ ಬೀಳುತ್ತಿತ್ತು. ಅದರ ಜೊತೆ ಇನ್ನೊಂದು ಕಂಡಿತು. ಮೇಲ್ಭಾಗದಲ್ಲಿ ಮಳೆ ಜೋರಾದ ಹೊತ್ತಿಗೂ ನಮ್ಮಲ್ಲಿ ನೀರು ತುದಿ ಮುಟ್ಟುವ ಹೊತ್ತಿಗೂ ನಡುವಿನ ಅಂತರ ಮೊದಲು ಹತ್ತಿರ ಹತ್ತಿರ 14 ಗಂಟೆ ಇದ್ದದ್ದು 9 ಗಂಟೆಗೆ ಇಳಿದಿತ್ತು. ಇದಕ್ಕೆ ಮಳೆಗಿಂತ ನೆಲ ಕಾರಣ. ಜೌಗು ಬತ್ತಿಸಿದ್ದರು, ಚರಂಡಿ ನೇರ ಮಾಡಿದ್ದರು, ಮಣ್ಣಿನ ಮೇಲೆ ಟಾರು ಹಾಕಿದ್ದರು. ನೀರು ಬೇಗ ಇಳಿದು ಒಟ್ಟಿಗೆ ಬರುತ್ತದೆ. ಐದು ಗಂಟೆ ಹೋಯಿತು ಅಂದರೆ ಜನರನ್ನು ಎಬ್ಬಿಸಿ ಕಳಿಸಲು ಇರುವ ಐದು ಗಂಟೆ ಹೋಯಿತು.

ಹಳೆಯ ನೆರೆಗಳ ಬಗ್ಗೆಯೂ ಒಂದು ಮಾತು. 41 ವರ್ಷ ಜಾಸ್ತಿ ಅನ್ನಿಸುತ್ತದೆ, ಜಾಸ್ತಿ ಅಲ್ಲ. 2021ರ ಜುಲೈನಲ್ಲಿ ಜರ್ಮನಿಯ ಆರ್ ಕಣಿವೆಯಲ್ಲಿ 130ಕ್ಕೂ ಜಾಸ್ತಿ ಜನ ಸತ್ತರು. ಆಲ್ಟೆನಾರ್‌ನ ಗೇಜಿನಲ್ಲಿ ಅದಕ್ಕೂ ಹಿಂದಿನ ದಾಖಲೆ 2016ರ 3.71 ಮೀಟರ್. ಈ ಸಲ ಗೇಜೇ ಕೊಚ್ಚಿಕೊಂಡು ಹೋಯಿತು. ಅಲ್ಲಿನ ನೆರೆ ನಕ್ಷೆ ಮಾಡಿದ್ದು 1947ರ ನಂತರದ ಅಳತೆಗಳಿಂದ. ಅದೇ ಕಣಿವೆಯಲ್ಲಿ 1804ರಲ್ಲಿ, 1910ರಲ್ಲಿ ಭಾರೀ ನೆರೆ ಬಂದಿತ್ತು, ಅದು ಬರಹದಲ್ಲೂ ಇತ್ತು, ಲೆಕ್ಕದಲ್ಲಿ ಮಾತ್ರ ಇರಲಿಲ್ಲ. ಇದನ್ನು ಓದಿದ ಮೇಲೆ ನಾನು ಹಳೇ ಕಟ್ಟಡಗಳ ಗೋಡೆಯ ಮೇಲಿನ ನೆರೆ ಗುರುತು ಹುಡುಕುತ್ತಾ ಹೊರಟೆ. ಮೂರು ಸಿಕ್ಕವು. ಒಂದರಿಂದ ನನ್ನ ಗೆರೆಯ ತುದಿ ಕಣ್ಣಿಗೆ ಕಾಣುವಷ್ಟು ಮೇಲಕ್ಕೆ ಬಾಗಿತು. ಆ ಮೂರನ್ನೂ ಇವತ್ತಿನ ತಳದ ಆಕಾರಕ್ಕೆ ಹೊಂದಿಸುವುದು ದೊಡ್ಡ ತಲೆನೋವು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಕಾರಣ ಬೇರೆ ಬೇರೆ ಮಾಡಿಕೊಂಡಿದ್ದರ ಲಾಭ ಸಭೆಯಲ್ಲಿ ಗೊತ್ತಾಯಿತು. "ಒಡ್ಡನ್ನು ಇನ್ನೊಂದು ಮೀಟರ್ ಏರಿಸಿ" ಅಂತ ಎಲ್ಲರೂ ಕೇಳಿದರು. ಏರಿಸಬಹುದು. ಆದರೆ ತಳ ಏರುತ್ತಿದ್ದರೆ ಎಷ್ಟು ಸಲ ಏರಿಸುತ್ತೀರಿ? ಒಡ್ಡು ಎತ್ತರ ಆದಷ್ಟೂ ಅದರ ಹಿಂದೆ ಧೈರ್ಯವಾಗಿ ಮನೆ ಏಳುತ್ತವೆ, ಒಡೆದ ದಿನ ನಷ್ಟ ದೊಡ್ಡದು. ಅಮೆರಿಕದ ಭೂಗೋಳ ತಜ್ಞ ಗಿಲ್ಬರ್ಟ್ ವೈಟ್ 1940ರ ದಶಕದಲ್ಲೇ, ನೆರೆ ತರುವುದು ಪ್ರಕೃತಿಯಾದರೂ ನಷ್ಟ ಬಹುಪಾಲು ಮನುಷ್ಯರೇ ಮಾಡಿಕೊಂಡದ್ದು ಅಂತ ವಾದಿಸಿದ್ದರು.

ನಾನು ನೆದರ್‌ಲ್ಯಾಂಡ್ಸ್‌ನ ನಕ್ಷೆ ಒಯ್ದಿದ್ದೆ. 1995ರಲ್ಲಿ ಅಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಖಾಲಿ ಮಾಡಿಸಬೇಕಾಗಿ ಬಂತು. ಆಮೇಲೆ ಅವರು ಒಡ್ಡನ್ನು ಏರಿಸುತ್ತಲೇ ಹೋಗುವ ಬದಲು 30ಕ್ಕೂ ಜಾಸ್ತಿ ಕಡೆ ನದಿಗೆ ಜಾಗ ಬಿಟ್ಟುಕೊಟ್ಟರು. ನೈಮೇಗನ್ ಊರಿನ ಎದುರು ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿ ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿದರು. ನೆರೆ ಮಟ್ಟ ಸುಮಾರು 35 ಸೆಂಟಿಮೀಟರ್ ಇಳಿಯಿತು. ಅಷ್ಟಕ್ಕೆ 50 ಮನೆಗಳನ್ನು ಬಿಡಿಸಬೇಕಾಯಿತು, ಇದನ್ನೂ ಮುಚ್ಚಿಡದೆ ಹೇಳಿದೆ. ಜಾಗ ಬಿಡಿ ಅನ್ನುವುದು ಸುಲಭ, ಆ ಜಾಗದಲ್ಲಿ ಇರುವವರ ಎದುರು ಕೂತು ಹೇಳುವುದು ಬೇರೆ ಮಾತು. ನನ್ನನ್ನು ಒಬ್ಬ ಅಜ್ಜ "ನೀವು ಮೊದಲ ಸಲವೂ ಇಷ್ಟೇ ಧೈರ್ಯವಾಗಿ ಹೇಳಿದ್ದಿರಿ" ಅಂದರು. ಉತ್ತರ ಇರಲಿಲ್ಲ.

ಕೊನೆಗೆ ಆದದ್ದು ಅರೆಬರೆ. ಎದುರು ದಂಡೆಯ ರಸ್ತೆಯಡಿ ಅಗಲವಾದ ಕಿಂಡಿಗಳನ್ನು ಬಿಟ್ಟು ಬಯಲಿಗೆ ನೀರು ಹೋಗುವಂತೆ ಮಾಡಿದರು. ಒಂದು ಕಡೆ ಮಾತ್ರ ಒಡ್ಡು ಹಿಂದೆ ಸರಿಯಿತು. ಮೇಲಿನ ತೊರೆಗಳಿಗೆ ಮರದ ದಿಮ್ಮಿ ಅಡ್ಡ ಇಟ್ಟು ನೀರನ್ನು ತಡೆತಡೆದು ಬಿಡುವ ಕೆಲಸವೂ ಆಯಿತು. ಇಂಗ್ಲೆಂಡಿನ ಪಿಕರಿಂಗ್ ಊರಿನಲ್ಲಿ ಇಂಥ ಕೆಲಸ, ಜೊತೆಗೆ ನೀರು ಹಿಡಿದಿಡುವ ಒಂದು ಒಡ್ಡು, ಎರಡೂ ಸೇರಿ 2015ರ ಡಿಸೆಂಬರ್ ಮಳೆಯಲ್ಲಿ ಫಲ ಕೊಟ್ಟಿದ್ದವು. ಆದರೆ ಇದು ಚಿಕ್ಕ, ಮಧ್ಯಮ ನೆರೆಗೆ. ನೆಲ ಪೂರ್ತಿ ನೆನೆದು ದೊಡ್ಡದು ಬಂದಾಗ ದಿಮ್ಮಿಗಳಿಂದ ಪವಾಡ ನಿರೀಕ್ಷಿಸಬೇಡಿ.

ಎಚ್ಚರಿಕೆ ಕೊಡುವ ರೀತಿಯನ್ನೂ ಬದಲಿಸಿದೆ. "ಹರಿವು ಇಷ್ಟು ಘನ ಮೀಟರ್" ಅಂದರೆ ಯಾರೂ ಕದಲುವುದಿಲ್ಲ. ಈಗ ಒಂದು ಕೋಷ್ಟಕ ಇದೆ: ಮೇಲಿನ ಗೇಜಿನಲ್ಲಿ ಇಷ್ಟು ಬಂದರೆ, 9 ಗಂಟೆಯಲ್ಲಿ ಇಂಥ ಬೀದಿಯಲ್ಲಿ ನೀರು ಕಿಟಕಿಯವರೆಗೆ. ಕೋಷ್ಟಕದ ಪ್ರತಿ ಸಾಲೂ ನದಿಯ ತಳವನ್ನು ನಂಬಿಕೊಂಡಿದೆ, ಆದ್ದರಿಂದ ಪ್ರತಿ ವರ್ಷ ಮಳೆಗೆ ಮುಂಚೆ ಅಳತೆ ಆಗಲೇಬೇಕು ಅಂತ ಬರೆಸಿಕೊಂಡಿದ್ದೇನೆ.

ಈ ವರ್ಷದ್ದು ಹೋದ ವಾರ ಮುಗಿಯಿತು. ಸೇತುವೆಯ ಕೆಳಗೆ ತಳ ಮತ್ತೆ ಅರ್ಧ ಗೇಣು ಮೇಲೆ ಬಂದಿದೆ. ಮೂರು ಬೀದಿಗಳ ಅಂಕಿ ತಿದ್ದಬೇಕು, ಮಳೆಗೆ ಇನ್ನು ಐದು ವಾರ ಇದೆ.