ಇಬ್ಬರು ಅರಸರ ನಡುವಿನ ತೆರಪನ್ನು ಶಾಸನಗಳಲ್ಲಿ ಓದುವ ಬಗೆ

ಅರಸುಮನೆತನಗಳ ಪಟ್ಟಿಯಲ್ಲಿ ಒಬ್ಬನ ಆಳ್ವಿಕೆ ಮುಗಿದ ವರ್ಷಕ್ಕೇ ಮತ್ತೊಬ್ಬನದು ಶುರುವಾಗುತ್ತದೆ. ಕಲ್ಯಾಣದ ಚಾಲುಕ್ಯರು, ಆಮೇಲೆ ಕಳಚುರಿಗಳು, ಆಮೇಲೆ ಹೊಯ್ಸಳರು ಮತ್ತು ಸೇವುಣರು (ದೇವಗಿರಿಯ ಯಾದವರು) ಎಂದು ಶಾಲೆಯಲ್ಲಿ ಓದಿದವರು ತಮ್ಮೂರಿನ ಶಾಸನವೊಂದನ್ನು ಕೈಗೆತ್ತಿಕೊಂಡ ಕೂಡಲೇ ಆ ಪಟ್ಟಿ ಸಡಿಲವಾಗತೊಡಗುತ್ತದೆ. ಒಂದೇ ವರ್ಷದಲ್ಲಿ ಒಂದೂರಿನ ಕಲ್ಲು ಹಳೆಯ ಅರಸನನ್ನು ಹೊಗಳುತ್ತಿದ್ದರೆ, ಹತ್ತು ಹರದಾರಿ ಆಚೆಯ ಕಲ್ಲು ಹೊಸಬನನ್ನು ಚಕ್ರವರ್ತಿ ಎನ್ನುತ್ತಿರುತ್ತದೆ, ಮೂರನೆಯ ಊರಿನ ಕಲ್ಲು ಯಾವ ಚಕ್ರವರ್ತಿಯ ಹೆಸರನ್ನೂ ಎತ್ತದೆ ನೇರವಾಗಿ ಸಾಮಂತನಿಂದಲೇ ಮಾತು ಆರಂಭಿಸಿರುತ್ತದೆ. ಅಧಿಕಾರದ ತೆರಪು ಕಣ್ಣಿಗೆ ಬೀಳುವುದು ಇಂಥ ಕಡೆಗಳಲ್ಲಿ. ಅದನ್ನು ಗುರುತಿಸಿ ಬರೆದಿಡುವ ಕ್ರಮವನ್ನು, ನನಗೆ ಹೆಚ್ಚು ಪರಿಚಿತವಾದ ಹನ್ನೆರಡನೆಯ ಶತಮಾನದ ಉತ್ತರಾರ್ಧವನ್ನೇ ಮುಖ್ಯವಾಗಿ ಇಟ್ಟುಕೊಂಡು, ಇಲ್ಲಿ ವಿವರಿಸುತ್ತೇನೆ.

ಮೊದಲ ಕೆಲಸವೆಂದರೆ ಒಂದು ಕಲ್ಲಿನಿಂದ ತೀರ್ಮಾನಕ್ಕೆ ಬರುವ ಆಸೆಯನ್ನು ಬಿಡುವುದು. ನಿಮ್ಮ ತಾಲ್ಲೂಕನ್ನೋ ಎರಡು ಮೂರು ಅಕ್ಕಪಕ್ಕದ ತಾಲ್ಲೂಕುಗಳನ್ನೋ ಆರಿಸಿಕೊಂಡು, ಶಾಸನಗಳ ಪಾಠಗಳನ್ನು ಮುದ್ರಿಸಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಸಂಬಂಧಪಟ್ಟ ಸಂಪುಟದಿಂದ, ಉತ್ತರದ ಜಿಲ್ಲೆಗಳಾದರೆ ದಕ್ಷಿಣ ಭಾರತದ ಶಾಸನಗಳ ಸಂಪುಟಗಳಿಂದ, ನಲವತ್ತು ಐವತ್ತು ವರ್ಷಗಳ ಅವಧಿಯ ಎಲ್ಲ ಶಾಸನಗಳನ್ನೂ ಕಾಲಾನುಕ್ರಮದಲ್ಲಿ ಬರೆದುಕೊಳ್ಳಿ. ಮುದ್ರಿತ ಪಾಠ ಕೈಯಲ್ಲಿದ್ದರೂ ಸಾಧ್ಯವಾದಷ್ಟು ಕಲ್ಲುಗಳನ್ನು ಸ್ವತಃ ನೋಡಿ ಬನ್ನಿ. ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ, ಆದ್ದರಿಂದ ಎಣ್ಣೆ, ಸುಣ್ಣ, ಸೀಮೆಸುಣ್ಣ ಇವನ್ನು ದಯವಿಟ್ಟು ಬಳಿಯಬೇಡಿ. ನೂರಾರು ವರ್ಷ ಉಳಿದು ಬಂದ ಸಾಲುಗಳು ಇಂಥ ಅಕ್ಕರೆಯಿಂದಲೇ ಹಾಳಾದುದನ್ನು ನೋಡಿ ನಾನು ಬಹಳ ನೊಂದಿದ್ದೇನೆ.

ಇನ್ನು ಪಾಠವನ್ನು ಓದುವ ಬಗೆ. ಆ ಕಾಲದ ದಾನಶಾಸನದಲ್ಲಿ ಅಧಿಕಾರವು ಮೂರು ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಮೇಲಿನ ಮೆಟ್ಟಿಲಲ್ಲಿ ‘ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ’ ಎಂದು ಸಾಗಿ, ಇಂಥ ದೇವರ ವಿಜಯರಾಜ್ಯವು ಚಂದ್ರ ಸೂರ್ಯ ತಾರೆಗಳಿರುವ ತನಕ ‘ಸಲುತ್ತಮಿರೆ’ (ನಡೆಯುತ್ತಿರಲು) ಎಂದು ನಿಲ್ಲುವ ಒಕ್ಕಣೆ ಇರುತ್ತದೆ. ಅದರ ಕೆಳಗೆ ‘ತತ್ಪಾದಪದ್ಮೋಪಜೀವಿ’ ಎಂಬ ಒಂದು ಪದ ಬರುತ್ತದೆ. ಆತನ ಪಾದಕಮಲವನ್ನು ಆಶ್ರಯಿಸಿ ಬದುಕುವವನು ಎಂಬುದು ಅದರ ಅರ್ಥ. ಅದಾದ ಮೇಲೆ ‘ಸಮಧಿಗತಪಂಚಮಹಾಶಬ್ದ ಮಹಾಮಂಡಳೇಶ್ವರ’ ಎಂದು ಮಾಂಡಲಿಕನ ಬಿರುದುಗಳು, ಅವನ ಕೆಳಗೆ ದಂಡನಾಯಕ, ಹೆಗ್ಗಡೆ, ಗಾವುಂಡ, ಮಹಾಜನ ಹೀಗೆ ಸ್ಥಳೀಯರು. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಈ ಮೂರಕ್ಕೂ ಒಂದೊಂದು ಕಲಮನ್ನು ಮೀಸಲಿಡಿ, ‘ತತ್ಪಾದಪದ್ಮೋಪಜೀವಿ’ ಪದ ಇದೆಯೋ ಇಲ್ಲವೋ ಎಂಬುದಕ್ಕೆ ಪ್ರತ್ಯೇಕವಾಗಿ ಇನ್ನೊಂದನ್ನು ಇಡಿ. ಮಾಂಡಲಿಕನೊಬ್ಬನ ಶಾಸನಗಳಲ್ಲಿ ಹತ್ತು ವರ್ಷ ಕಾಣುತ್ತಿದ್ದ ಆ ಪದ ಒಮ್ಮೆಲೇ ಮಾಯವಾದರೆ, ಅಲ್ಲಿ ಏನೋ ನಡೆದಿದೆ ಎಂದು ತಿಳಿಯಬೇಕು.

ಬಿರುದುಗಳ ವಿಷಯದಲ್ಲಿ ಎಚ್ಚರ ಬೇಕು. ‘ತ್ರಿಭುವನಮಲ್ಲ’ ಎಂಬುದು ಆರನೆಯ ವಿಕ್ರಮಾದಿತ್ಯನ ಬಿರುದು, ಕಳಚುರಿ ಬಿಜ್ಜಳನದೂ ಹೌದು, ನಾಲ್ಕನೆಯ ಸೋಮೇಶ್ವರನದೂ ಹೌದು, ಹೊಯ್ಸಳರೂ ಅದನ್ನು ಧರಿಸಿದ್ದರು. ಕಲಿಕೆಯ ದಿನಗಳಲ್ಲಿ ನಾನು ಕಾಲದ ಸಾಲು ಸವೆದುಹೋಗಿದ್ದ ಒಂದು ಕಲ್ಲನ್ನು ಈ ಒಂದೇ ಬಿರುದಿನ ಬಲದಿಂದ ವಿಕ್ರಮಾದಿತ್ಯನ ಕಾಲಕ್ಕೆ ಸೇರಿಸಿಬಿಟ್ಟಿದ್ದೆ, ಅರ್ಧ ಶತಮಾನದಷ್ಟು ಹಿಂದಕ್ಕೆ. ಮನೆತನವನ್ನು ಹೇಳುವ ವಿಶೇಷಣಗಳು ಇದಕ್ಕಿಂತ ಹೆಚ್ಚು ನಂಬಿಕೆಗೆ ಯೋಗ್ಯ. ‘ಚಾಳುಕ್ಯಾಭರಣ’ ಎಂದರೆ ಚಾಲುಕ್ಯ, ‘ಕಾಳಂಜರಪುರವರಾಧೀಶ್ವರ’, ‘ಸುವರ್ಣವೃಷಭಧ್ವಜ’ ಎಂದಿದ್ದರೆ ಕಳಚುರಿ, ‘ದ್ವಾರಾವತೀಪುರವರಾಧೀಶ್ವರ’ ಎಂದಿದ್ದರೆ ಯಾದವ ಮೂಲವನ್ನು ಹೇಳಿಕೊಳ್ಳುವ ಹೊಯ್ಸಳ ಅಥವಾ ಸೇವುಣ.

ಕಾಲಗಣನೆಯನ್ನು ತಪ್ಪಿದರೆ ಇಲ್ಲದ ತೆರಪು ಹುಟ್ಟಿಕೊಳ್ಳುತ್ತದೆ. ಶಕವರ್ಷಕ್ಕೆ 78 ಕೂಡಿಸುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ, ಆದರೆ ಆ ವರ್ಷ ಕಳೆದುಹೋದದ್ದೋ ನಡೆಯುತ್ತಿರುವುದೋ ಎಂಬುದರ ಮೇಲೆ ಒಂದು ವರ್ಷದ ವ್ಯತ್ಯಾಸ ಬರುತ್ತದೆ, ಅದನ್ನು ಸಂವತ್ಸರದ ಹೆಸರಿನಿಂದ ತೀರಿಸಿಕೊಳ್ಳಬೇಕು. ಶಕ 1084 ಎಂದೂ ಚಿತ್ರಭಾನು ಎಂದೂ ಇದ್ದರೆ ಅದು 1162-63. ಅದೇ ಶಕವರ್ಷದ ಜೊತೆ ವಿಷು ಸಂವತ್ಸರ ಬಂದಿದ್ದರೆ ಒಂದು ವರ್ಷ ಹಿಂದೆ ಸರಿಯಬೇಕು. ಚಾಲುಕ್ಯ ವಿಕ್ರಮವರ್ಷವಾದರೆ 1075 ಕೂಡಿಸಿ: ಮೂವತ್ತೇಳನೆಯ ವರ್ಷವೆಂದರೆ 1112-13, ಸಂವತ್ಸರ ನಂದನ. ಮಾಘ, ಫಾಲ್ಗುಣ ಮಾಸಗಳು ಮುಂದಿನ ಇಸವಿಗೆ ಬೀಳುತ್ತವೆ ಎಂಬುದನ್ನೂ ಮರೆಯಬಾರದು. ವಿಕ್ರಮಾದಿತ್ಯನು 1076ರಲ್ಲಿ ಶಕವರ್ಷವನ್ನು ಬದಿಗಿಟ್ಟು ತನ್ನದೇ ಶಕೆಯನ್ನು ಆರಂಭಿಸಿದನು, 1126ರಲ್ಲಿ ಅವನ ಆಳ್ವಿಕೆ ಮುಗಿದ ಮೇಲೂ ಕೆಲವು ಊರುಗಳ ಬರಹಗಾರರು ಅದನ್ನು ಕೈಬಿಡಲಿಲ್ಲ. ಹಾಗಾಗಿ ವರ್ಷದ ಎಣಿಕೆ ಯಾರ ಹೆಸರಿನಲ್ಲಿದೆ ಎಂಬುದೂ ನಿಷ್ಠೆಯ ಗುರುತು. ಆದರೆ ಅದು ತಡವಾಗಿ ಬದಲಾಗುವ ಗುರುತು.

ಈ ಸಲಕರಣೆಗಳನ್ನು ಹಿಡಿದು 1150ರಿಂದ 1192ರವರೆಗಿನ ಕಾಲವನ್ನು ನೋಡೋಣ. ಆ ಅವಧಿಯ ಆರಂಭದಲ್ಲಿ ಕಲ್ಯಾಣದಲ್ಲಿದ್ದವನು ಮೂರನೆಯ ತೈಲಪ. ತರ್ದವಾಡಿ ನಾಡಿನ ಮಾಂಡಲಿಕನಾಗಿದ್ದ ಬಿಜ್ಜಳ ಮೊದಲು ಅವನ ಮಹಾಮಂಡಳೇಶ್ವರನಾಗಿಯೇ ಕಾಣಿಸಿಕೊಳ್ಳುತ್ತಾನೆ. ಸುಮಾರು 1157ರಿಂದ ತನ್ನ ಆಳ್ವಿಕೆಯ ವರ್ಷಗಳನ್ನು ತಾನೇ ಎಣಿಸತೊಡಗುತ್ತಾನೆ. 1162ರ ಹೊತ್ತಿಗೆ ಕಲ್ಯಾಣ ಅವನ ವಶದಲ್ಲಿದ್ದು ಸಾಮ್ರಾಟನ ಬಿರುದುಗಳೆಲ್ಲ ಅವನ ಹೆಸರಿಗೆ ಅಂಟಿಕೊಂಡಿರುತ್ತವೆ. ಈ ಐದು ವರ್ಷಗಳೇ ನಾವು ಹುಡುಕುತ್ತಿರುವ ತೆರಪು. ಸಿಂಹಾಸನ ಬರಿದಾಗಿರಲಿಲ್ಲ, ಅದರ ಮೇಲೆ ಕುಳಿತವನ ಮಾತು ನಡೆಯುತ್ತಿರಲಿಲ್ಲ ಅಷ್ಟೆ. ಇಂಥ ಅವಧಿಯನ್ನು ‘ಅರಾಜಕ’ ಎಂದು ಬರೆಯುವ ರೂಢಿ ನನಗೆ ಸರಿಯೆನಿಸುವುದಿಲ್ಲ. ಅರಸರು ಇಬ್ಬರಿದ್ದರು, ಯಾರನ್ನು ಹೆಸರಿಸಬೇಕೆಂದು ಪ್ರತಿಯೊಂದು ಊರೂ ತಾನೇ ನಿರ್ಧರಿಸಬೇಕಾಗಿತ್ತು.

ಬಿಜ್ಜಳನೂ ಅವನ ಮಕ್ಕಳೂ ಧರಿಸಿದ ‘ಕಳಚುರ್ಯಭುಜಬಳಚಕ್ರವರ್ತಿ’ ಎಂಬ ಬಿರುದನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಚಾಲುಕ್ಯರ ಪ್ರಶಸ್ತಿ, ಅಂದರೆ ಅರಸನನ್ನು ಹೊಗಳುವ ಒಕ್ಕಣೆ, ಸತ್ಯಾಶ್ರಯನ ಕುಲವನ್ನು ಮುಂದಿಡುತ್ತಿತ್ತು. ಹೊಸ ಬಿರುದಿನಲ್ಲಿ ಚಕ್ರವರ್ತಿ ಪದವಿಗೆ ಕೊಟ್ಟಿರುವ ಆಧಾರ ತೋಳಬಲ. ಮುಂದೆ ಹೊಯ್ಸಳ ವೀರಬಲ್ಲಾಳನು (ಎರಡನೆಯ ಬಲ್ಲಾಳ) ‘ಪ್ರತಾಪಚಕ್ರವರ್ತಿ’ ಎನಿಸಿಕೊಂಡದ್ದೂ ಇದೇ ಜಾಡಿನಲ್ಲಿ. ಪರಂಪರೆ ತುಂಡಾದ ಕಡೆ ಹೊಸ ಒಡೆಯ ತನ್ನ ಹಕ್ಕಿಗೆ ಯಾವ ಕಾರಣವನ್ನು ಕೊಡುತ್ತಾನೆ ಎಂಬುದನ್ನು ಪ್ರತಿ ಶಾಸನದಲ್ಲೂ ಹೆಕ್ಕಿ ಬರೆದುಕೊಳ್ಳಿ.

ಸೋತವನ ಕಡೆಯ ಸುದ್ದಿ ಹಲವು ಬಾರಿ ದೂರದ, ಅದರಲ್ಲೂ ವಿರೋಧಿಯ, ಕಲ್ಲಿನಲ್ಲಿ ಸಿಗುತ್ತದೆ. ತೈಲಪನ ಸಾವಿನ ಬಗೆಗೆ ಮಾತನಾಡುವುದು ಹನುಮಕೊಂಡೆಯ ಸಾವಿರಕಂಬದ ಗುಡಿಯಲ್ಲಿರುವ ಕಾಕತೀಯ ರುದ್ರದೇವನ 1163ರ ಶಾಸನ. ರುದ್ರನ ಭಯದಿಂದ ತೈಲಪನು ಅತಿಸಾರ ಹಿಡಿದು ಸತ್ತನೆಂದು ಅದು ಹೇಳುತ್ತದೆ. ಭಯದ ಮಾತು ಹಗೆಯ ಮಾತು, ಅದನ್ನು ಸತ್ಯವೆಂದು ನಕಲು ಮಾಡಬೇಕಾಗಿಲ್ಲ. ಆದರೆ ಆ ಕಲ್ಲು ನಿಲ್ಲುವ ಹೊತ್ತಿಗೆ ತೈಲಪ ಇರಲಿಲ್ಲ, ಓರಂಗಲ್ಲಿನ ಕಡೆಯ ಕಾಕತೀಯರು ಚಾಲುಕ್ಯರ ಹಂಗು ಹರಿದುಕೊಂಡಿದ್ದರು ಎಂಬ ಎರಡು ಸಂಗತಿಗಳು ಅದರಿಂದ ಗಟ್ಟಿಯಾಗುತ್ತವೆ. ಹಗೆಯ ಶಾಸನದಿಂದ ಕಾಲವನ್ನು ತೆಗೆದುಕೊಳ್ಳಿ, ಕಾರಣವನ್ನು ಬಿಡಿ.

ಅದೇ 1162ರಲ್ಲಿ ಇನ್ನೊಂದು ಕಡೆ ಏನು ನಡೆಯುತ್ತಿತ್ತೆಂದು ತಿಳಿಯಲು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಬೇಕು. ಅಲ್ಲಿಯ ಕೇದಾರೇಶ್ವರದ ಕೋಡಿಯಮಠಕ್ಕೆ ಸೇರಿದ ಆ ವರ್ಷದ ಶಾಸನದಲ್ಲಿ ಮಠದ ವರ್ಣನೆಯೊಂದಿದೆ: ವೇದ, ವ್ಯಾಕರಣ, ದರ್ಶನ, ಕಾವ್ಯಗಳ ಪಾಠ ನಡೆಯುವ ಎಡೆ, ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನ ಸಿಗುವ ಎಡೆ, ರೋಗಿಗಳಿಗೆ ಮದ್ದು ಕೊಡುವ ಎಡೆ, ಎಲ್ಲ ಜೀವಿಗಳಿಗೂ ಅಭಯ ದೊರಕುವ ಎಡೆ. ದಂಡೆತ್ತಿ ತೆಂಕಣಕ್ಕೆ ಬಂದು ಬೀಡುಬಿಟ್ಟ ಬಿಜ್ಜಳನಿಂದ ಅದಕ್ಕೆ ದತ್ತಿ ದೊರೆಯುತ್ತದೆ. ಹಿಂದೆ ಚಾಲುಕ್ಯರಿಂದಲೂ ದತ್ತಿ ಪಡೆದಿದ್ದ, ಕಾಳಾಮುಖರೆಂಬ ಶೈವ ಪಂಥದವರ ಮಠ ಅದು. ಸಾಮ್ರಾಜ್ಯ ಕೈಬದಲಾಯಿಸುತ್ತಿದ್ದ ವರ್ಷದಲ್ಲಿಯೇ ಮಠದಲ್ಲಿ ಪಾಠವೂ ಅನ್ನವೂ ನಿಲ್ಲದೆ ನಡೆದಿದ್ದವು, ಹೊಸ ಅರಸನಿಗೂ ತನ್ನನ್ನು ಅರಸನೆಂದು ಒಪ್ಪುವ ಇಂಥದೊಂದು ಹಳೆಯ ಸಂಸ್ಥೆ ಬೇಕಾಗಿತ್ತು. ತೆರಪಿನ ಅಧ್ಯಯನದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆ ಇಲ್ಲಿದೆ: ಯಾವುದು ನಿಂತಿತು ಎಂಬುದರ ಜೊತೆಗೆ ಯಾವುದು ನಿಲ್ಲಲಿಲ್ಲ? ಸುಂಕವನ್ನು ಯಾರು ಬಿಟ್ಟುಕೊಟ್ಟರು, ಭೂಮಿಯನ್ನು ಯಾರು ಅಳೆದರು, ಯಾರ ಕಾಲು ತೊಳೆದು ಧಾರೆ ಎರೆದರು, ಸಾಕ್ಷಿಗೆ ಯಾರು ನಿಂತರು ಎಂಬುದನ್ನು ಶಾಸನದ ಕೆಳಭಾಗದಿಂದ ತಪ್ಪದೆ ಬರೆದುಕೊಳ್ಳಿ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘ, ಊರ ಮಹಾಜನರು, ಗಾವುಂಡರು ಹಳೆಯ ಅರಸನ ಕಾಲದ ಕಲ್ಲಿನಲ್ಲೂ ಹೊಸಬನ ಕಾಲದ ಕಲ್ಲಿನಲ್ಲೂ ಹಾಗೆಯೇ ಮುಂದುವರಿದಿದ್ದರೆ, ಆ ಊರಿನ ಮಟ್ಟಿಗೆ ಅಧಿಕಾರ ಮೇಲಿನ ಮೆಟ್ಟಿಲಲ್ಲಿ ಮಾತ್ರ ಬದಲಾಯಿತೆಂದು ಹೇಳಬಹುದು.

ಬಿಜ್ಜಳನ ಅಂತ್ಯದ ವಿಷಯದಲ್ಲಿ ಮತ್ತೊಂದು ಶಿಸ್ತು ಬೇಕಾಗುತ್ತದೆ. ನಂತರದ ವೀರಶೈವ ಕಾವ್ಯಗಳೂ ಜೈನ ಕಥನಗಳೂ ಅದನ್ನು ಬೇರೆಬೇರೆಯಾಗಿ ಹೇಳುತ್ತವೆ, ಕಲ್ಯಾಣದ ಶರಣರ ಚರಿತ್ರೆಯೊಂದಿಗೆ ಹೆಣೆದುಕೊಂಡಿರುವುದರಿಂದ ನಮ್ಮ ಭಾವನೆಗಳೂ ಅಲ್ಲಿ ಸೇರಿಕೊಳ್ಳುತ್ತವೆ. ಆ ಕಥನಗಳಿಗೆ ಬೆಲೆಯಿಲ್ಲವೆಂದಲ್ಲ. ಅವನ್ನು ಬೇರೆ ಕಲಮಿನಲ್ಲಿ, ಅವು ರಚನೆಯಾದ ಕಾಲದೊಂದಿಗೆ ಬರೆಯಿರಿ. ಸಮಕಾಲೀನ ಕಲ್ಲುಗಳ ಕಲಮಿನಲ್ಲಿ 1168ರಿಂದ ರಾಯಮುರಾರಿ ಸೋವಿದೇವ, ಆಮೇಲೆ ಸಂಕಮ, ಆಹವಮಲ್ಲ, ಸಿಂಘಣ ಎಂದು ಒಬ್ಬರ ಹಿಂದೆ ಒಬ್ಬರಂತೆ ನಾಲ್ವರು ಬರುತ್ತಾರೆ. 1184ರ ಸುಮಾರಿಗೆ ನಾಲ್ಕನೆಯ ಸೋಮೇಶ್ವರ ಚಾಲುಕ್ಯ ಸಿಂಹಾಸನವನ್ನು ಮರಳಿ ಪಡೆಯುತ್ತಾನೆ. ಅವನಿಗೆ ನೆರವಾದ ಬ್ರಹ್ಮ ದಂಡನಾಯಕ ಕಳಚುರಿಗಳಲ್ಲೇ ಸೇವೆಯಲ್ಲಿದ್ದವನು, ಮುಂದೆ ‘ಕಳಚುರ್ಯಕುಳನಿರ್ಮೂಲನ’ ಎಂಬ ಬಿರುದು ಹೊತ್ತವನು. ಈ ಮರುಸ್ಥಾಪನೆ ಹೆಚ್ಚು ಕಾಲ ಬಾಳಲಿಲ್ಲ. ಉತ್ತರದಿಂದ ಸೇವುಣ ಭಿಲ್ಲಮನೂ ದಕ್ಷಿಣದಿಂದ ವೀರಬಲ್ಲಾಳನೂ ಮುಂದೊತ್ತಿ ಬಂದರು, ಸೊರಟೂರಿನ ಕಾಳಗದ ನಂತರ 1192ರ ಗದಗಿನ ಶಾಸನದಲ್ಲಿ ಬಲ್ಲಾಳನೇ ಸಾಮ್ರಾಟನಾಗಿ ನಿಂತಿದ್ದಾನೆ.

ಎರಡು ತಪ್ಪು ದಾರಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದೂರಿನಲ್ಲಿ ಇಪ್ಪತ್ತು ವರ್ಷ ಶಾಸನ ಸಿಗದಿದ್ದರೆ ಅಲ್ಲಿ ಅಧಿಕಾರವೇ ಇರಲಿಲ್ಲವೆಂದು ಅರ್ಥವಲ್ಲ, ಕಲ್ಲು ಕೆರೆಯ ತೂಬಿಗೋ ಮನೆಯ ಮೆಟ್ಟಿಲಿಗೋ ಸೇರಿರಬಹುದು. ಹಾಗೆಯೇ ವೀರಗಲ್ಲುಗಳಲ್ಲಿ ತುರುಗಾಳಗ, ಊರಳಿವು ಎಂಬ ಮಾತುಗಳು ಕಂಡ ಮಾತ್ರಕ್ಕೆ ಅದು ಅರಸರ ಜಗಳದ ಫಲವೆನ್ನಬೇಡಿ. ದನ ಹಿಡಿಯುವ ಕಾಳಗಗಳು ಗಟ್ಟಿ ಅರಸರ ಕಾಲದಲ್ಲೂ ನಡೆದಿವೆ. ಅವುಗಳ ಸಂಖ್ಯೆ ಒಂದು ಸೀಮೆಯಲ್ಲಿ ಒಮ್ಮೆಗೇ ಏರಿದ್ದು ಪಟ್ಟಿಯಲ್ಲಿ ಕಂಡರೆ ಮಾತ್ರ ಅದಕ್ಕೆ ತೂಕ ಕೊಡಿ.

ಬೇರೆ ಕಾಲಗಳಿಗೂ ಇದೇ ಕ್ರಮ ಸಲ್ಲುತ್ತದೆ. ಮೂರನೆಯ ಬಲ್ಲಾಳ 1342-43ರ ಸುಮಾರಿಗೆ ಮಧುರೆಯ ಸುಲ್ತಾನನೊಡನೆ ಹೋರಾಡುತ್ತ ಅಳಿದ ಮೇಲೂ ವಿಜಯನಗರವನ್ನು ಕಟ್ಟಿದ ಸಂಗಮನ ಮಕ್ಕಳು ತಮ್ಮನ್ನು ಮಹಾರಾಜಾಧಿರಾಜರೆನ್ನಲಿಲ್ಲ. 1346ರಲ್ಲಿ ಶೃಂಗೇರಿಯಲ್ಲಿ ವಿಜಯೋತ್ಸವ ಮಾಡಿ ದತ್ತಿ ಬಿಟ್ಟ ಹರಿಹರನೂ ಮಹಾಮಂಡಳೇಶ್ವರನೇ, ‘ಭಾಷೆಗೆ ತಪ್ಪುವ ರಾಯರ ಗಂಡ’ನೇ (ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ದಂಡಿಸುವವನು). 1565ರ ರಕ್ಕಸತಂಗಡಿಯ (ತಾಳಿಕೋಟೆಯ) ಕಾಳಗದ ನಂತರವೂ ವಿಜಯನಗರದ ಸದಾಶಿವರಾಯನ ಹೆಸರಿನ ಶಾಸನಗಳು ಹುಟ್ಟುತ್ತಲೇ ಇದ್ದವು, ರಾಜಧಾನಿ ಪೆನುಗೊಂಡೆಗೆ ಸರಿದ ಮೇಲೆ ಆ ಊರಿನ ರತ್ನಸಿಂಹಾಸನವನ್ನು ಸ್ಮರಿಸುವ ಒಕ್ಕಣೆ, ಅಧಿಕಾರ ನಾಯಕರ ಮತ್ತು ಒಡೆಯರ ಕೈಗೆ ಬಂದ ಎಷ್ಟೋ ಕಾಲದವರೆಗೆ ಉಳಿಯಿತು. ಕಾಗದಪತ್ರಗಳ ಕಾಲಕ್ಕೆ ಬಂದರೆ ತೆರಪನ್ನು ದಿನಗಳಲ್ಲೇ ಎಣಿಸಬಹುದು: ಟಿಪ್ಪು ಮಡಿದದ್ದು 1799ರ ಮೇ 4ರಂದು, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದದ್ದು ಜೂನ್ 30ರಂದು.

ಕೊನೆಗೆ, ಕಲ್ಲಿನ ಕಟ್ಟಕಡೆಯ ಸಾಲುಗಳನ್ನು ಎಲ್ಲ ಕಡೆ ಬರುವ ಶ್ಲೋಕಗಳೆಂದು ದಾಟಿಹೋಗಬೇಡಿ. ‘ಸಾಮಾನ್ಯೋಯಂ ಧರ್ಮಸೇತುರ್ನೃಪಾಣಾಂ ಕಾಲೇ ಕಾಲೇ ಪಾಲನೀಯೋ ಭವದ್ಭಿಃ’ ಎಂದು ಆರಂಭವಾಗುವ ಶ್ಲೋಕದಲ್ಲಿ, ಮುಂದೆ ಬರಲಿರುವ ಅರಸರೆಲ್ಲರನ್ನೂ ಈ ಧರ್ಮದ ಸೇತುವೆಯನ್ನು ಕಾಪಾಡಿರೆಂದು ರಾಮಚಂದ್ರನು ಮತ್ತೆ ಮತ್ತೆ ಬೇಡಿಕೊಳ್ಳುತ್ತಾನೆ. ಮೇಲಿನ ಸಾಲುಗಳಲ್ಲಿ ಅರಸನ ರಾಜ್ಯ ಚಂದ್ರ ಸೂರ್ಯರಿರುವ ತನಕ ನಡೆಯುತ್ತದೆಂದು ಬರೆದ ಬರಹಗಾರನೇ, ಕೆಳಗೆ ಬರುವಾಗ ಬೇರೊಬ್ಬ ಅರಸ ಬಂದೇ ಬರುತ್ತಾನೆಂದು ಅವನಿಗೂ ಮೊದಲೇ ಬಿನ್ನಹ ಸಲ್ಲಿಸಿಟ್ಟಿದ್ದಾನೆ. ಶ್ಲೋಕದ ಕೆಳಗೆ, ಕಲ್ಲಿನ ಬದಿಯಲ್ಲಿ ಅಥವಾ ಹಿಂದೆ, ಬೇರೆ ಕೈಬರಹದಲ್ಲಿ ಚಿಕ್ಕ ಅಕ್ಷರದ ಕೆಲವು ಸಾಲುಗಳಿವೆಯೇ ನೋಡಿ. ಹೊಸ ಒಡೆಯನೋ ಅವನ ಅಧಿಕಾರಿಯೋ ಅದೇ ದತ್ತಿಗೆ ಪುನರ್ಧಾರೆ ಎರೆದ, ಅಂದರೆ ಅದನ್ನು ಮತ್ತೆ ದಾನ ಕೊಟ್ಟು ಉಳಿಸಿದ, ದಾಖಲೆ ಅಲ್ಲಿ ಸಿಕ್ಕಿದರೆ, ಅದರ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬರೆದುಕೊಳ್ಳಿ. ಆ ಊರಿನಲ್ಲಿ ತೆರಪು ಮುಗಿದುದಕ್ಕೆ ನೀವು ಕೊಡಬಹುದಾದ ತೀರ ಹತ್ತಿರದ ದಿನಾಂಕ ಅದು.